ಮೊಬೈಲಿಗೆ ಬರುವ ಉದ್ಯೋಗದ ಕರೆ: ಅದರ ಹಿಂದಿನ ಹೊಣೆಗಾರರು ಯಾರು?

(ಗ್ರಾಮ ಪಂಚಾಯತ್ ಸದಸ್ಯರ ಅಧ್ಯಯನಕ್ಕಾಗಿ)

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಗ್ರಾಮಗಳಿಂದ ಯುವಜನರು ದುಡಿಮೆಗಾಗಿ ಹೊರಗೆ ಹೋಗುವುದು ಇಂದು ನಿನ್ನೆಯ ಸಂಗತಿಯಲ್ಲ. ಕೋಟದ ಸಮೀಪದ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು ಮೊದಲು ಮನೆಗಳಲ್ಲಿ ಅಡುಗೆ ಕೆಲಸ ಮಾಡಿದರು. 1924ರಲ್ಲಿ ಅವರು ತೆರೆದ ಸಣ್ಣ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ನಾಡಿಗೆಲ್ಲ ಪರಿಚಿತವಾಯಿತು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಆರಂಭವಾದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂತಹ ಸಂಸ್ಥೆಗಳು ಕರಾವಳಿಯ ಎಷ್ಟೋ ಮನೆಗಳಿಗೆ ಪರಿಚಿತವಾದ ಹೆಸರುಗಳು. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಅಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರು ನಮ್ಮ ಹಿರಿಯರ ತಲೆಮಾರಿನಲ್ಲಿ ಅನೇಕರಿದ್ದಾರೆ.

ಆ ಕಾಲದಲ್ಲಿ ಉದ್ಯೋಗದ ಸುದ್ದಿ ಒಬ್ಬ ಮನುಷ್ಯನ ಮೂಲಕ ಬರುತ್ತಿತ್ತು. ಊರಿಗೆ ರಜೆಯಲ್ಲಿ ಬಂದ ನೆಂಟನೋ ನೆರೆಮನೆಯವನೋ ಹುಡುಗನನ್ನು ತನ್ನ ಜೊತೆಗೆ ಕರೆದುಕೊಂಡು ಹೋಗುತ್ತಿದ್ದನು. ಆ ವ್ಯವಸ್ಥೆಯಲ್ಲಿ ಶೋಷಣೆ ಇರಲಿಲ್ಲವೆಂದು ಯಾರೂ ಹೇಳಲಾರರು. ಎಳೆಯ ಮಕ್ಕಳನ್ನು ಹೊತ್ತು ಗೊತ್ತಿಲ್ಲದೆ ದುಡಿಸಿಕೊಂಡದ್ದೂ ಉಂಟು. ಆದರೆ ಸಂಬಳ ಬಾರದಿದ್ದರೆ, ಹುಡುಗನ ಸುದ್ದಿಯೇ ಇಲ್ಲದಿದ್ದರೆ, ತಂದೆಯಾದವನು ಹೋಗಿ ಕೇಳುವುದಕ್ಕೆ ಒಂದು ಮನೆ ಇತ್ತು. ಕರೆದುಕೊಂಡು ಹೋದವನ ಹೆಂಡತಿ ಮಕ್ಕಳು ಇದೇ ಊರಿನಲ್ಲಿ ಇದ್ದರು. ಆ ಕರೆಗೆ ಒಬ್ಬ ಹೊಣೆಗಾರನಿದ್ದನು.

ಇಂದು ಉದ್ಯೋಗದ ಕರೆ ವಾಟ್ಸಾಪ್, ಟೆಲಿಗ್ರಾಂ, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳ ಮೂಲಕ ಬರುತ್ತದೆ. ಹತ್ತು ಕರೆಗಳಲ್ಲಿ ಕೆಲವು ನಿಜವಾದವೇ ಆಗಿರುತ್ತವೆ. ಆದರೆ ಹೋಗಿ ಕೇಳುವ ಮನೆ ಇಲ್ಲ. ಈ ಕೊರತೆಯನ್ನು ಗ್ರಾಮ ಪಂಚಾಯತ್ ಎಷ್ಟರಮಟ್ಟಿಗೆ ತುಂಬಬಲ್ಲದು ಎಂಬುದೇ ಈ ಪಾಠದ ವಿಷಯ.

ಮೊಬೈಲನ್ನು ದೂರುವುದರಿಂದ ಪ್ರಯೋಜನವಿಲ್ಲ

ಸಿದ್ದಾಪುರ, ಹೊಸಂಗಡಿ, ಅಮಾಸೆಬೈಲು, ಉಳ್ಳೂರು, ಶಂಕರನಾರಾಯಣ ಮೊದಲಾದ ಗ್ರಾಮಗಳು ಘಟ್ಟದ ಬುಡದಲ್ಲಿವೆ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಇರುವುದು ಮಣಿಪಾಲದ ರಜತಾದ್ರಿಯಲ್ಲಿ. ಸಿದ್ದಾಪುರದ ಪದವೀಧರೆಯೊಬ್ಬಳು ಅಲ್ಲಿಗೆ ಹೋಗಿ ಬರಬೇಕಾದರೆ ಒಂದು ದಿನವನ್ನೇ ಮೀಸಲಿಡಬೇಕು; ಬಸ್ಸಿನ ವೇಳೆ ತಪ್ಪಿದರೆ ಕತ್ತಲೆಯಾಗುತ್ತದೆ. ಇಂತಹ ಪ್ರದೇಶದಲ್ಲಿ ಅಂಗೈಯಲ್ಲಿರುವ ಮೊಬೈಲೇ ಉದ್ಯೋಗ ವಿನಿಮಯ ಕಚೇರಿಯಾಗುವುದು ಸಹಜ. “ಹುಡುಗರು ಯಾವಾಗಲೂ ಮೊಬೈಲಿನಲ್ಲಿಯೇ ಇರುತ್ತಾರೆ” ಎಂದು ಗ್ರಾಮ ಸಭೆಗಳಲ್ಲಿ ಕೇಳಿಬರುವ ಮಾತು ಅರ್ಧ ಸತ್ಯವಷ್ಟೆ. ಅವರಲ್ಲಿ ಹಲವರು ಅಲ್ಲಿ ಕೆಲಸವನ್ನೇ ಹುಡುಕುತ್ತಿರುತ್ತಾರೆ.

ಕರ್ನಾಟಕ ಲೋಕಸೇವಾ ಆಯೋಗ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ರೈಲ್ವೆ ನೇಮಕಾತಿ ಮಂಡಳಿ, ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಇವುಗಳ ಅಧಿಸೂಚನೆಗಳು ಪ್ರಕಟವಾದ ದಿನವೇ ಹಳ್ಳಿಯ ಅಭ್ಯರ್ಥಿಗೆ ತಲುಪುವುದು ಈಗ ಸಾಧ್ಯವಾಗಿದೆ. ಹಿಂದೆ ಪತ್ರಿಕೆಯ ಮೂಲೆಯಲ್ಲಿ ಬಂದ ಪ್ರಕಟಣೆ ಕಣ್ಣಿಗೆ ಬೀಳುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತಿತ್ತು. ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವಾ ಪೋರ್ಟಲ್ ಮತ್ತು ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗಳಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಉದ್ಯೋಗ ಮೇಳಗಳ ಸುದ್ದಿಯೂ ಬಹುಪಾಲು ಇದೇ ಮಾರ್ಗದಲ್ಲಿ ಹರಡುತ್ತದೆ.

ಇನ್ನೊಂದು ಅವಕಾಶದ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ನಮ್ಮ ಗ್ರಾಮಗಳಲ್ಲಿಯೇ ಕೆಲಸವಿದೆ, ಮಾಡುವವರು ಸಿಗುತ್ತಿಲ್ಲ ಎಂಬ ದೂರು ಎಲ್ಲ ಕಡೆಯಲ್ಲೂ ಇದೆ. ತೆಂಗಿನಕಾಯಿ ಮತ್ತು ಅಡಿಕೆ ಕೊಯ್ಯುವವರು, ಪಂಪ್‌ಸೆಟ್ ರಿಪೇರಿ ಮಾಡುವವರು, ಮದುವೆ ಅಡುಗೆಯವರು, ಹೊಲಿಗೆಯವರು, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವ ವಾಹನದವರು ಬೇಕೆಂದಾಗ ಸಿಗುವುದಿಲ್ಲ. ತನ್ನ ಕೆಲಸದ ನಾಲ್ಕು ಚಿತ್ರಗಳನ್ನೂ ದರವನ್ನೂ ವಾಟ್ಸಾಪ್‌ನಲ್ಲಿ ಹಾಕುವ ಯುವಕನಿಗೆ ಸುತ್ತಲಿನ ನಾಲ್ಕೈದು ಗ್ರಾಮಗಳೇ ಮಾರುಕಟ್ಟೆಯಾಗಬಲ್ಲವು. ಸಂಜೀವಿನಿ ಸ್ವಸಹಾಯ ಸಂಘಗಳ ಮಹಿಳೆಯರು ಹಪ್ಪಳ, ಉಪ್ಪಿನಕಾಯಿ, ಹೊಲಿದ ಬಟ್ಟೆಗಳಿಗೆ ಇದೇ ದಾರಿಯಲ್ಲಿ ಗಿರಾಕಿಗಳನ್ನು ಕಂಡುಕೊಳ್ಳಬಹುದು. ಆಸಾಡಿ ಅಮಾವಾಸ್ಯೆಯಂದು ಆಚರಿಸುವ ವಿಶ್ವ ಕುಂದಾಪ್ರ ಕನ್ನಡ ದಿನವು ಕೆಲವೇ ವರ್ಷಗಳಲ್ಲಿ ಊರೂರಿಗೆ ಹಬ್ಬಿದ್ದರಲ್ಲಿಯೂ ಜಾಲತಾಣಗಳ ಪಾಲು ದೊಡ್ಡದು. ಕುಂದಾಪ್ರ ಕನ್ನಡದಲ್ಲಿ ವಿಡಿಯೊ ಮಾಡಿ ಹೆಸರು ಗಳಿಸಿದವರೂ ನಮ್ಮ ನಡುವೆ ಇದ್ದಾರೆ. ಆದರೆ ಅದನ್ನೇ ಜೀವನೋಪಾಯವೆಂದು ನಂಬಿ ಓದನ್ನು ಬಿಡುವಂತೆ ಯಾರಿಗೂ ಸಲಹೆ ನೀಡಲಾಗದು. ಸಾವಿರ ಜನ ಪ್ರಯತ್ನಿಸಿದ ಕಡೆ ಹೊಟ್ಟೆ ತುಂಬುವಷ್ಟು ದುಡಿಯುವವರು ಬೆರಳೆಣಿಕೆಯವರು.

ವಂಚನೆ ನಡೆಯುವ ಬಗೆ

ಮನೆಯಲ್ಲಿಯೇ ಕುಳಿತು ದುಡಿಯಿರಿ ಎಂಬ ಸಂದೇಶದಿಂದ ಆರಂಭವಾಗುವ ವಂಚನೆಯು ಇಂದು ಅತ್ಯಂತ ವ್ಯಾಪಕವಾಗಿದೆ. ಅದರ ಕ್ರಮವನ್ನು ಸದಸ್ಯರು ಚೆನ್ನಾಗಿ ತಿಳಿದಿರಬೇಕು, ಏಕೆಂದರೆ ಮೋಸ ಹೋದವರು ದಡ್ಡರಲ್ಲ ಎಂಬುದು ಆಗ ಮನವರಿಕೆಯಾಗುತ್ತದೆ.

ಮೊದಲು ಯೂಟ್ಯೂಬ್ ವಿಡಿಯೊಗೆ ಲೈಕ್ ಒತ್ತುವ, ಹೋಟೆಲಿಗೆ ಅಂಕ ನೀಡುವ ಸುಲಭದ ಕೆಲಸವನ್ನು ಕೊಡುತ್ತಾರೆ. ಮೂರು ಲೈಕಿಗೆ ₹150 ಎಂದಿಟ್ಟುಕೊಳ್ಳೋಣ. ಆ ಹಣ ನಿಜವಾಗಿಯೂ ಖಾತೆಗೆ ಬರುತ್ತದೆ. ನಂಬಿಕೆ ಹುಟ್ಟುವುದು ಇಲ್ಲಿಯೇ. ಬಳಿಕ ಟೆಲಿಗ್ರಾಂ ಗುಂಪೊಂದಕ್ಕೆ ಸೇರಿಸುತ್ತಾರೆ. ಅಲ್ಲಿ ಹತ್ತಾರು ಮಂದಿ ತಮಗೆ ಬಂದ ಲಾಭದ ಚಿತ್ರಗಳನ್ನು ಹಾಕುತ್ತಿರುತ್ತಾರೆ. ಅವರೆಲ್ಲ ವಂಚಕರ ಕಡೆಯವರೇ. ಆಮೇಲೆ ‘ಮುಂಗಡ ಪಾವತಿಯ ಕೆಲಸ’ ಬರುತ್ತದೆ: ₹1,000 ಹಾಕಿದರೆ ₹1,300 ಹಿಂದಿರುಗುತ್ತದೆ. ಅದೂ ಬರುತ್ತದೆ. ಮುಂದೆ ₹5,000, ₹20,000, ₹50,000. ಈಗ ಲಾಭವು ಅವರ ಆ್ಯಪ್‌ನ ಪರದೆಯ ಮೇಲೆ ಮಾತ್ರ ಕಾಣುತ್ತದೆ, ಖಾತೆಗೆ ಬರುವುದಿಲ್ಲ. ಹಿಂಪಡೆಯಲು ತೆರಿಗೆ ಕಟ್ಟಬೇಕು, ಅಂಕ ಕಡಿಮೆಯಾಗಿದೆ, ಇನ್ನೊಂದು ಕೆಲಸ ಮುಗಿಸಬೇಕು ಎನ್ನುತ್ತಾರೆ. ಕಳೆದುಕೊಂಡ ಹಣವನ್ನು ಹಿಂಪಡೆಯುವ ಆಸೆಯಿಂದ ಸಾಲ ಮಾಡಿ, ಒಡವೆ ಅಡವಿಟ್ಟು ಮತ್ತೆ ಹಾಕುತ್ತಾರೆ. ಇಂತಹ ಹೂಡಿಕೆ ಮತ್ತು ಅರೆಕಾಲಿಕ ಉದ್ಯೋಗದ ವಂಚನೆಗೆ ಬಳಕೆಯಾಗುತ್ತಿದ್ದ 100ಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರ್ಕಾರವು 2023ರ ಡಿಸೆಂಬರ್‌ನಲ್ಲಿ ನಿರ್ಬಂಧಿಸಿತು. ಒಂದನ್ನು ಮುಚ್ಚಿದರೆ ಬೇರೆ ಹೆಸರಿನಲ್ಲಿ ಇನ್ನೊಂದು ತೆರೆದುಕೊಳ್ಳುತ್ತದೆ.

ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೇಳುವುದು ಇನ್ನೊಂದು ಬಗೆ. “ಕಂಪನಿಯ ಹಣ ನಿಮ್ಮ ಖಾತೆಗೆ ಬರುತ್ತದೆ, ನಾವು ಹೇಳಿದ ಖಾತೆಗೆ ಕಳುಹಿಸಿ, ನೂರಕ್ಕೆ ಎರಡು ರೂಪಾಯಿ ನಿಮ್ಮದು” ಎಂಬ ‘ಉದ್ಯೋಗ’ವಿದು. ಕಾಲೇಜು ವಿದ್ಯಾರ್ಥಿಗಳು ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಎಲ್ಲವನ್ನೂ ಕೊಟ್ಟುಬಿಡುತ್ತಾರೆ. ಅದು ಬೇರೆಲ್ಲಿಯೋ ಮೋಸ ಹೋದವರ ಹಣ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಮೋಸಕ್ಕೆ ಒಳಗಾದವನು ಹಣವನ್ನು ಮಾತ್ರ ಕಳೆದುಕೊಳ್ಳುತ್ತಾನೆ. ಖಾತೆ ಕೊಟ್ಟವನು ಆರೋಪಿಯಾಗುತ್ತಾನೆ, ಮುಂದೆ ಸರ್ಕಾರಿ ಕೆಲಸಕ್ಕೂ ಪಾಸ್‌ಪೋರ್ಟಿಗೂ ಪೊಲೀಸ್ ಪರಿಶೀಲನೆಯಲ್ಲಿ ಸಿಲುಕುತ್ತಾನೆ. ವಾರ್ಡ್ ಸಭೆಯಲ್ಲಿ ಒಂದೇ ವಿಷಯ ಹೇಳಲು ಸಮಯವಿದೆ ಎಂದಾದರೆ ಇದನ್ನೇ ಹೇಳಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ನೋಂದಣಿ ಶುಲ್ಕ, ಸಮವಸ್ತ್ರದ ಠೇವಣಿ, ತರಬೇತಿ ಶುಲ್ಕದ ಹೆಸರಿನಲ್ಲಿ ಸಾವಿರ ಎರಡು ಸಾವಿರ ರೂಪಾಯಿ ಕೀಳುವವರ ಬಗ್ಗೆ ಹೆಚ್ಚು ವಿವರಿಸುವ ಅಗತ್ಯವಿಲ್ಲ. ಸರ್ಕಾರಿ ಪರೀಕ್ಷೆಯ ಅರ್ಜಿ ಶುಲ್ಕವನ್ನು ಇಲಾಖೆಯ ಅಧಿಕೃತ ಜಾಲತಾಣದಲ್ಲಿಯೇ ಕಟ್ಟುವುದಿರುತ್ತದೆ. ವ್ಯಕ್ತಿಯೊಬ್ಬನ ಫೋನ್‌ಪೇ ಸಂಖ್ಯೆಗೆ ಅಲ್ಲ.

ಕಡಲಾಚೆಯ ಕರೆ

2022ರ ಸೆಪ್ಟೆಂಬರ್ 24ರಂದು ವಿದೇಶಾಂಗ ಸಚಿವಾಲಯವು ಒಂದು ಎಚ್ಚರಿಕೆಯನ್ನು ಪ್ರಕಟಿಸಿತು. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರಾಟ ವಿಭಾಗದ ಹುದ್ದೆ ಎಂದು ಸಾಮಾಜಿಕ ಜಾಲತಾಣಗಳಲ್ಲಿ ಜಾಹೀರಾತು ನೀಡಿ, ಕಂಪ್ಯೂಟರ್ ಬಲ್ಲ ಭಾರತೀಯ ಯುವಕರನ್ನು ಕರೆಸಿಕೊಂಡು, ಅಕ್ರಮವಾಗಿ ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ ದುಡಿಸಿಕೊಳ್ಳುತ್ತಿರುವುದು ಅದರಲ್ಲಿತ್ತು. 2024ರ ಮಾರ್ಚ್ ಅಂತ್ಯದ ವೇಳೆಗೆ ಕಾಂಬೋಡಿಯದಿಂದ ಸುಮಾರು 250 ಭಾರತೀಯರನ್ನು ಬಿಡಿಸಿ ಕರೆತರಲಾಗಿತ್ತು. 2025ರ ಮಾರ್ಚ್ 10 ಮತ್ತು 11ರಂದು ವಾಯುಪಡೆಯ ಎರಡು ವಿಮಾನಗಳಲ್ಲಿ 549 ಮಂದಿಯನ್ನು ಥಾಯ್ಲೆಂಡಿನ ಮೇ ಸೋಟ್ ಮೂಲಕ ಮರಳಿ ಕರೆತರಲಾಯಿತು. ಅಲ್ಲಿ ಅವರಿಂದ ಮಾಡಿಸಿದ ಕೆಲಸವಾದರೂ ಯಾವುದು? ಮೇಲೆ ವಿವರಿಸಿದಂತಹ ವಂಚನೆಯ ಸಂದೇಶಗಳನ್ನು ಕಳುಹಿಸುವುದೇ. ಉದ್ಯೋಗದ ಸುಳ್ಳು ಕರೆಗೆ ಓಗೊಟ್ಟು ಹೋದವನು ಅಲ್ಲಿ ಕುಳಿತು ಇನ್ನೊಬ್ಬನಿಗೆ ಅದೇ ಬಗೆಯ ಸುಳ್ಳು ಕರೆಯನ್ನು ಕಳುಹಿಸುವಂತಾಗುತ್ತದೆ.

ಕೊಲ್ಲಿ ರಾಷ್ಟ್ರಗಳಿಗೆ ನಮ್ಮ ಭಾಗದಿಂದ ಹೋಗುವವರ ಸಂಖ್ಯೆ ಹೆಚ್ಚು. ಆದುದರಿಂದ ಕೆಲವು ನಿಯಮಗಳನ್ನು ಸದಸ್ಯರು ಬಾಯಿಪಾಠ ಮಾಡಿಕೊಂಡಿದ್ದರೂ ತಪ್ಪಲ್ಲ. 1983ರ ವಲಸೆ ಕಾಯ್ದೆಯಂತೆ ವಿದೇಶಕ್ಕೆ ಜನರನ್ನು ನೇಮಿಸಿ ಕಳುಹಿಸುವ ಏಜೆಂಟರು ನೋಂದಣಿ ಪ್ರಮಾಣಪತ್ರ ಹೊಂದಿರಬೇಕು. ಅಂತಹವರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆ. ಈಗಿನ ನಿಯಮದಂತೆ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಒಂದು ಲಕ್ಷ, ಎರಡು ಲಕ್ಷ ಕೇಳುವವರು ಕಾನೂನನ್ನು ಆಗಲೇ ಮುರಿದಿದ್ದಾರೆ ಎಂದರ್ಥ. ಹತ್ತನೇ ತರಗತಿ ತೇರ್ಗಡೆಯಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಗೊತ್ತುಪಡಿಸಿದ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು. ಈ ಅನುಮತಿಯೊಂದಿಗೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ₹275 ಕಂತಿಗೆ ಎರಡು ವರ್ಷಗಳ ಅವಧಿಗೆ ₹10 ಲಕ್ಷದ ವಿಮೆ ದೊರೆಯುತ್ತದೆ. ಇವೆಲ್ಲವನ್ನೂ ತಪ್ಪಿಸಲೆಂದೇ “ಸದ್ಯ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸಿಕೊಡುತ್ತೇವೆ” ಎನ್ನುತ್ತಾರೆ. ಭೇಟಿಯ ವೀಸಾದಲ್ಲಿ ಹೋಗಿ ದುಡಿಯುವವನು ಆ ದೇಶದ ಕಾನೂನಿನ ದೃಷ್ಟಿಯಲ್ಲಿ ತಪ್ಪಿತಸ್ಥ. ಸಂಬಳ ಕೊಡದಿದ್ದರೂ ಅವನು ದೂರು ಕೊಡಲು ಅಂಜುತ್ತಾನೆ.

ಕುಂದಾಪುರ ತಾಲ್ಲೂಕಿನದೇ ಒಂದು ಪ್ರಕರಣವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಸೌದಿ ಅರೇಬಿಯದಲ್ಲಿ ದುಡಿಯುತ್ತಿದ್ದ ನಮ್ಮವರೊಬ್ಬರು 2019ರ ಡಿಸೆಂಬರ್‌ನಲ್ಲಿ ಅಲ್ಲಿ ಬಂಧನಕ್ಕೆ ಒಳಗಾದರು. ಅವರ ಹೆಸರು ಮತ್ತು ಭಾವಚಿತ್ರವನ್ನು ಬಳಸಿ ಬೇರೆಯವರು ಫೇಸ್‌ಬುಕ್‌ನಲ್ಲಿ ನಕಲಿ ಖಾತೆ ತೆರೆದು ಆಕ್ಷೇಪಾರ್ಹ ಬರಹಗಳನ್ನು ಹಾಕಿದ್ದರು. ಊರಿನಲ್ಲಿದ್ದ ಕುಟುಂಬದವರು ಉಡುಪಿ ಪೊಲೀಸರಿಗೆ ದೂರು ನೀಡಿದರು. ತನಿಖೆ ನಡೆಸಿದ ಪೊಲೀಸರು 2020ರಲ್ಲಿ ನಕಲಿ ಖಾತೆ ತೆರೆದ ಆರೋಪದ ಮೇಲೆ ಇಬ್ಬರನ್ನು ಬಂಧಿಸಿದರು. ಆ ದಾಖಲೆಗಳು ಸೌದಿ ಅಧಿಕಾರಿಗಳನ್ನು ತಲುಪಿ, ಅವರು ಊರಿಗೆ ಮರಳಿದ್ದು 2021ರ ಆಗಸ್ಟ್‌ನಲ್ಲಿ. ಒಂದು ನಕಲಿ ಖಾತೆಗಾಗಿ ಒಂದೂವರೆ ವರ್ಷಕ್ಕೂ ಮೀರಿದ ಸೆರೆವಾಸ. ಈ ಪ್ರಕರಣದಲ್ಲಿ ಸದಸ್ಯರು ಗಮನಿಸಬೇಕಾದದ್ದು, ಅಲ್ಲಿ ಸಿಲುಕಿದವರ ಬಿಡುಗಡೆಯ ದಾರಿ ಇಲ್ಲಿ, ಊರಿನಲ್ಲಿ ಬರೆದು ಕೊಟ್ಟ ದೂರಿನಿಂದ ಆರಂಭವಾಯಿತು ಎಂಬುದನ್ನು. ದೂರು ದಾಖಲಾಗದೆ ಹೋಗಿದ್ದರೆ ತನಿಖೆಯೂ ಇರುತ್ತಿರಲಿಲ್ಲ, ಸಾಕ್ಷ್ಯವೂ ಇರುತ್ತಿರಲಿಲ್ಲ.

ಪಂಚಾಯತ್ ಮಾಡಬಹುದಾದದ್ದು

ಪ್ರತಿಯೊಂದು ಸಂದೇಶವೂ ನಿಜವೋ ಸುಳ್ಳೋ ಎಂದು ತೀರ್ಪು ನೀಡುವುದು ಗ್ರಾಮ ಪಂಚಾಯತ್‌ನ ಕೆಲಸವಲ್ಲ. ಅದಕ್ಕೆ ಬೇಕಾದ ಪರಿಣತಿಯೂ ನಮ್ಮಲ್ಲಿಲ್ಲ. ಆದರೆ ಹಣ ಕಟ್ಟುವ ಮೊದಲು ಹೋಗಿ ಕೇಳಲು ಒಂದು ಜಾಗವನ್ನು ಒದಗಿಸುವುದು ಸಾಧ್ಯ. ಆ ಜಾಗ ಅರಿವು ಕೇಂದ್ರವೇ ಆಗಬಹುದು. ಅಲ್ಲಿ ಕಂಪ್ಯೂಟರ್ ಇದೆ, ಮೇಲ್ವಿಚಾರಕರಿದ್ದಾರೆ, ಓದಲು ಬರುವ ಯುವಜನರೂ ಇದ್ದಾರೆ. ವಾರದಲ್ಲಿ ಒಂದು ದಿನ ಗೊತ್ತುಪಡಿಸಿದ ಎರಡು ಗಂಟೆಗಳ ಕಾಲ, ಉದ್ಯೋಗದ ಸಂದೇಶ ಬಂದವರು ಅದನ್ನು ತಂದು ತೋರಿಸುವ ಏರ್ಪಾಡು ಮಾಡಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಸಂಸ್ಥೆಯ ಹೆಸರು ಅಧಿಕೃತ ಜಾಲತಾಣದಲ್ಲಿದೆಯೇ, ಅಲ್ಲಿ ಈ ಹುದ್ದೆಯ ಪ್ರಕಟಣೆ ಇದೆಯೇ, ವಿದೇಶದ ಕೆಲಸವಾದರೆ ಏಜೆಂಟರು ಇ-ಮೈಗ್ರೇಟ್ ಪಟ್ಟಿಯಲ್ಲಿದ್ದಾರೆಯೇ ಎಂಬುದನ್ನು ಒಟ್ಟಿಗೆ ಕುಳಿತು ನೋಡಿದರೆ ಸಾಕು. ಗೊಂದಲ ಉಳಿದರೆ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ದೂರವಾಣಿ ಮೂಲಕ ವಿಚಾರಿಸಬಹುದು. ಘಟ್ಟದ ಅಂಚಿನ ಕೆಲವು ವಾರ್ಡುಗಳಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ. ಅಲ್ಲಿಯ ಯುವಕರು ಸಿಕ್ಕಿದ ಹತ್ತು ನಿಮಿಷದಲ್ಲಿ ಪರಿಶೀಲಿಸದೆ ಒಪ್ಪಿಬಿಡುವ ಸಂಭವ ಹೆಚ್ಚು. ಅವರಿಗೆ ಈ ಏರ್ಪಾಡಿನಿಂದ ಆಗುವ ಪ್ರಯೋಜನ ಉಳಿದವರಿಗಿಂತ ಮಿಗಿಲು.

ಅದೇ ದಿನ ಅರಿವು ಕೇಂದ್ರದ ಫಲಕದಲ್ಲಿ ಆ ವಾರದ ನಿಜವಾದ ಅಧಿಸೂಚನೆಗಳನ್ನೂ ಕೊನೆಯ ದಿನಾಂಕಗಳನ್ನೂ ಬರೆಯಬೇಕು. ಎಚ್ಚರಿಕೆಯನ್ನಷ್ಟೇ ಕೊಡುವ ಕಡೆಗೆ ಯುವಕರು ಎರಡನೆಯ ಬಾರಿ ಬರುವುದಿಲ್ಲ. ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ ವಸತಿ ಸಹಿತ ಉಚಿತವಾಗಿ ನಡೆಯುವ ಸ್ವ-ಉದ್ಯೋಗ ತರಬೇತಿಗಳ ವಿವರವೂ ಅಲ್ಲಿರಲಿ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಪಡೆದವರಿಗೆ ₹1,500ರಂತೆ ಗರಿಷ್ಠ ಎರಡು ವರ್ಷ ದೊರೆಯುವ ಯುವನಿಧಿಗೆ ಅರ್ಹರಾಗಿದ್ದೂ ಅರ್ಜಿ ಹಾಕದವರು ವಾರ್ಡಿನಲ್ಲಿ ಯಾರಿದ್ದಾರೆ ಎಂಬುದನ್ನು ಸದಸ್ಯರೇ ವಿಚಾರಿಸಬೇಕು. ಕೈಯಲ್ಲಿ ಸ್ವಲ್ಪ ಹಣವಿರುವವನು ಪ್ರತಿ ಕರೆಗೂ ಆತುರದಿಂದ ಓಗೊಡುವುದಿಲ್ಲ.

ವಂಚನೆ ಆಗಿಯೇ ಹೋಗಿದ್ದರೆ ಹೊತ್ತು ಕಳೆಯಬಾರದು. ಕಳುಹಿಸಿದ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೇಗಬೇಗನೆ ಸಾಗುತ್ತದೆ. ಕೂಡಲೇ 1930 ಸಂಖ್ಯೆಗೆ ಕರೆ ಮಾಡಿದರೆ, ಹಣವಿರುವ ಖಾತೆಯಲ್ಲಿಯೇ ಅದನ್ನು ತಡೆಹಿಡಿಯುವ ಅವಕಾಶವುಂಟು. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಹಣ ಹೋದ ದಿನ ಮತ್ತು ಸಮಯ, ಮೊತ್ತ, ಪಾವತಿಯ ಸಂದೇಶದಲ್ಲಿರುವ ವಹಿವಾಟು ಸಂಖ್ಯೆ ಕೈಯಲ್ಲಿರಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಲು ಅರಿವು ಕೇಂದ್ರದವರು ನೆರವಾಗಬಹುದು. ಬಳಿಕ ಸ್ಥಳೀಯ ಪೊಲೀಸ್ ಠಾಣೆಗೆ ಅಥವಾ ಉಡುಪಿಯ ಸೆನ್ ಅಪರಾಧ ಪೊಲೀಸ್ ಠಾಣೆಗೆ ಲಿಖಿತ ದೂರು ನೀಡತಕ್ಕದ್ದು. ಸಂದೇಶಗಳನ್ನು ನಾಚಿಕೆಯಿಂದಲೋ ಭಯದಿಂದಲೋ ಅಳಿಸಿಹಾಕಬಾರದು, ಅವೇ ಸಾಕ್ಷ್ಯ.

ನಾಚಿಕೆಯ ಮಾತು ಬಂದುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೋಸ ಹೋದ ಯುವಕ ಅಥವಾ ಯುವತಿ ಮೊದಲು ಮುಚ್ಚಿಡುವುದು ತಂದೆ ತಾಯಿಯಿಂದ. ತಂದೆ ಸೊಸೈಟಿಯಿಂದ ಸಾಲ ತಂದಿಟ್ಟ ಹಣವೋ, ತಾಯಿಯ ಬಳೆಯೋ ಹೋಗಿರುತ್ತದೆ. ಅದನ್ನು ತುಂಬಲು ಸಾಲದ ಆ್ಯಪ್‌ಗಳಿಗೆ ಕೈಚಾಚಿ, ಅವರ ಬೆದರಿಕೆಗೂ ಗುರಿಯಾಗುತ್ತಾರೆ. ದೂರು ನೀಡುವಷ್ಟರಲ್ಲಿ ವಾರ ಕಳೆದಿರುತ್ತದೆ. ಅಂತಹವರು ಸದಸ್ಯರ ಬಳಿಗೆ ಬಂದಾಗ “ಓದಿದವನಾಗಿ ಹೀಗೆ ಮಾಡಿದೆಯಾ?” ಎಂಬ ಮಾತು ನಮ್ಮ ಬಾಯಿಂದ ಹೊರಟರೆ ಅವರು ಮತ್ತೆಂದೂ ಬರುವುದಿಲ್ಲ, ಅವರ ಗೆಳೆಯರೂ ಬರುವುದಿಲ್ಲ. ಮೊದಲು ಕರೆ ಮಾಡಿಸಬೇಕು, ಬಳಿಕ ಮನೆಯವರೊಡನೆ ಮಾತನಾಡಲು ಜೊತೆಗೆ ಹೋಗಬೇಕು. ಗ್ರಾಮ ಸಭೆಯಲ್ಲಿ ಇಂತಹ ಪ್ರಕರಣವನ್ನು ಪ್ರಸ್ತಾಪಿಸುವುದಾದರೆ ಹೆಸರು, ಮನೆ, ವಾರ್ಡು ಯಾವುದನ್ನೂ ಹೇಳಕೂಡದು. ನಮ್ಮ ಗ್ರಾಮಗಳಲ್ಲಿ ಅರ್ಧ ಹೇಳಿದರೆ ಉಳಿದರ್ಧವನ್ನು ಜನರೇ ತುಂಬಿಕೊಳ್ಳುತ್ತಾರೆ.

ಊರು ಬಿಟ್ಟು ದೂರದ ಕೆಲಸಕ್ಕೆ ಹೋಗುವವರ ಪಾಸ್‌ಪೋರ್ಟ್, ವೀಸಾ, ಉದ್ಯೋಗ ಒಪ್ಪಂದ ಪತ್ರಗಳ ನಕಲು ಮತ್ತು ಏಜೆಂಟರ ವಿವರ ಮನೆಯಲ್ಲಿ ಉಳಿಯುವಂತೆ ನೋಡಿಕೊಳ್ಳಬೇಕು. ವಿದೇಶದಲ್ಲಿ ಸಂಕಟಕ್ಕೆ ಸಿಲುಕಿದವರ ಮನೆಗಳಲ್ಲಿ ಮೊದಲು ಹುಡುಕುವುದು ಇವನ್ನೇ.

ಚರ್ಚೆಗಾಗಿ

ಕೆಳಗಿನ ಸಂದೇಶವನ್ನು ಪಾಠಕ್ಕಾಗಿ ರಚಿಸಲಾಗಿದೆ. ಮುಂದಿನ ವಾರ್ಡ್ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿಸಿ, ಸಂಶಯ ಹುಟ್ಟಿಸುವ ಅಂಶಗಳು ಎಷ್ಟಿವೆ ಎಂದು ಯುವಜನರಿಂದಲೇ ಹೇಳಿಸಬಹುದು.

“ತುರ್ತಾಗಿ ಬೇಕಾಗಿದ್ದಾರೆ. ವಿಮಾನ ನಿಲ್ದಾಣದ ಲಗೇಜ್ ವಿಭಾಗ. ಹತ್ತನೇ ತರಗತಿ ಪಾಸ್ ಅಥವಾ ಫೇಲ್. ಸಂಬಳ ₹32,000, ಊಟ ವಸತಿ ಉಚಿತ. ಸಂದರ್ಶನ ಇಲ್ಲ. ನೋಂದಣಿ ಶುಲ್ಕ ₹1,250 ಮಾತ್ರ, ಮೊದಲ ಸಂಬಳದ ಜೊತೆ ಹಿಂದಿರುಗಿಸಲಾಗುವುದು. ಇಂದು ಸಂಜೆ 5 ಗಂಟೆಯೊಳಗೆ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಫೋಟೊ ವಾಟ್ಸಾಪ್ ಮಾಡಿ. ಕೆಲವೇ ಸ್ಥಾನಗಳು ಉಳಿದಿವೆ.”

ಯಾವ ಊರಿನ ವಿಮಾನ ನಿಲ್ದಾಣವೆಂದು ಇದರಲ್ಲಿ ಹೇಳಿದೆಯೇ? ಸಂದರ್ಶನವಿಲ್ಲದೆ ಕೆಲಸ ಕೊಡುವವನಿಗೆ ಸಂಜೆ 5 ಗಂಟೆಯ ಅವಸರ ಏಕೆ? ಹಿಂದಿರುಗಿಸುವ ಹಣವನ್ನು ಈಗ ಕೇಳುವುದೇಕೆ? ಕೆಲಸ ಸಿಗುವ ಮೊದಲೇ ಪಾಸ್‌ಬುಕ್ ಯಾರಿಗೆ, ಯಾವ ಉದ್ದೇಶಕ್ಕೆ ಬೇಕಾಗಿದೆ? ಸಂಬಳ ಬಾರದಿದ್ದರೆ ಹೋಗಿ ಕೇಳಲು ಇದರಲ್ಲಿ ಯಾವ ವಿಳಾಸವಿದೆ?